ಪಲ್ಯದ ಪುಡಿ

ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟು ಸುಧಾ ಗಂಟಲು ಹಿಡಿದುಕೊಂಡಳು. ನೋಡನೋಡುತ್ತಿದ್ದಂತೆ ಅವಳ ತುಟಿಗಳು ಊದಿಕೊಂಡವು. ಪಿಯುಸಿಯಲ್ಲಿ ನನ್ನ ಜೊತೆ ಓದುವ ಅವಳು ಸಾಲೋಟಗಿಯ ನಮ್ಮ ಮನೆಗೆ ಊಟಕ್ಕೆ ಬಂದದ್ದು ಅದೇ ಮೊದಲು. ಶೇಂಗಾ ಅವಳಿಗೆ ಅಲರ್ಜಿ ಎಂದು ಮೊದಲೇ ಹೇಳಿದ್ದರಿಂದ, ಅವ್ವ ಶೇಂಗಾ ಚಟ್ನಿ, ಶೇಂಗಾ ಹೋಳಿಗೆ ಎರಡನ್ನೂ ಅವಳಿಗೆ ಬಡಿಸಿರಲಿಲ್ಲ. "ಎಷ್ಟ್ ಸೊರಗೀದಿಯವ್ವಾ, ಗಾಳಿ ಬಿಟ್ರ ಹಾರಿ ಹೋಕ್ಕಿ" ಎನ್ನುತ್ತಾ ಬದನೆಕಾಯಿ ಪಲ್ಯವನ್ನಷ್ಟೇ ಒತ್ತಾಯದಿಂದ ಬಡಿಸಿದ್ದಳು.

"ಅವ್ವಾ, ಪಲ್ಯಾದಾಗ ಶೇಂಗಾ ಹಾಕೀಯೇನು?"

"ಶೇಂಗಾ ಎಲ್ಲೈತಿ? ಪಲ್ಯಾ ಮಂದ ಆಗ್ಲಿ ಅಂತ ಒಂದೀಟು ಪುಡಿ ಹಾಕೇನಿ" ಎಂದ ಅವ್ವ ಥಟ್ಟನೆ ಬಾಯಿ ಮುಚ್ಚಿಕೊಂಡಳು. ಆ ಪುಡಿ ಹುರಿದ ಶೇಂಗಾದ್ದೇ.

ಅಣ್ಣನ ಬೈಕಿನಲ್ಲಿ ಸುಧಾಳನ್ನು ನಡುವೆ ಕೂರಿಸಿಕೊಂಡು ಹತ್ತಿರದ ಇಂಡಿ ಪಟ್ಟಣದ ಆಸ್ಪತ್ರೆಗೆ ಧಾವಿಸಿದೆವು. ಇಂಜೆಕ್ಷನ್ ಕೊಟ್ಟ ಮೇಲೂ ನನಗೆ ಕೂರಲಾಗಲಿಲ್ಲ, ವಾರ್ಡಿನ ಹೊರಗೆ ಅಡ್ಡಾಡುತ್ತಲೇ ಇದ್ದೆ. ಉಸಿರಾಟ ಸರಿಹೋದ ಮೇಲೆ ಅವಳೇ ನನ್ನನ್ನು ಒಳಗೆ ಕರೆದಳು.

"ನಿಮ್ಮವ್ವಗ ಏನೂ ಅನಬ್ಯಾಡ. ಎಲ್ಲಾರ ಮನ್ಯಾಗೂ ಹಿಂಗ ಆಗ್ತದ. ಅದಕ್ಕ ನಾ ಎಲ್ಲೂ ಉಣ್ಣಂಗಿಲ್ಲ."

ಮರುದಿನದಿಂದ ದಿನಚರಿಯಲ್ಲಿ ಮನೆಯ ಅಡುಗೆಯನ್ನೆಲ್ಲ ಬರೆದು, ಶೇಂಗಾ ಬಿದ್ದದ್ದಕ್ಕೆ ಗೀಟು ಹಾಕುತ್ತಿದ್ದೇನೆ. ಮೊದಲ ವಾರ ಗೀಟಿಲ್ಲದೆ ಉಳಿದದ್ದು ರೊಟ್ಟಿ, ಅನ್ನ ಮತ್ತು ಮಜ್ಜಿಗೆ ಮಾತ್ರ. ಬೆಳೆಯುವ ವಯಸ್ಸಿನ ಹುಡುಗಿ ನಮ್ಮ ಸೀಮೆಯಲ್ಲಿ ಯಾರ ಮನೆಗೆ ಹೋಗಿ ಏನು ಉಣ್ಣಬೇಕು?