ಸ್ಟಾಫ್‌ರೂಮಿನಲ್ಲಿ ಮಾಡಿದ ಕುಬಸ

ನಮ್ಮ ಶಾಲೆಯಲ್ಲಿ ಯಾರ ಮನೆಯಲ್ಲಿ ಏನೇ ಶುಭ ನಡೆದರೂ ಅದರ ಉಸಾಬರಿ ನನ್ನದು. ನಿವೃತ್ತಿಯಾಗಲಿ, ಗೃಹಪ್ರವೇಶವಾಗಲಿ, ಯಾರದೋ ಮಗಳ ನಿಶ್ಚಯವಾಗಲಿ, ಸೀರೆ ಆರಿಸುವುದು, ಸಿಹಿ ತರಿಸುವುದು, ಕುರ್ಚಿ ಹಾಕಿಸುವುದು ಎಲ್ಲ ನಾನೇ. ಯಾರೂ ಹೇಳಿದ್ದಲ್ಲ. ಧಾರವಾಡದಿಂದ ಮದುವೆಯಾಗಿ ನಾಗಪುರಕ್ಕೆ ಬಂದವಳು. ಇಲ್ಲಿ ನಮ್ಮವರೆಂಬುವವರು ಕಡಿಮೆ, ಹಾಗಾಗಿ ಸಿಕ್ಕವರನ್ನೆಲ್ಲ ನಮ್ಮವರನ್ನಾಗಿ ಮಾಡಿಕೊಳ್ಳುವ ಚಟ ಹತ್ತಿತು. ಕೋರಾಡಿ ರಸ್ತೆಯ ಈ ಖಾಸಗಿ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಲೇ ತಲೆ ಬೆಳ್ಳಗಾಯಿತು. ಕಾಯಂ ಆದ ಕೆಲವೇ ಶಿಕ್ಷಕರಲ್ಲಿ ನಾನೂ ಒಬ್ಬಳು. ಉಳಿದವರದೆಲ್ಲ ವರ್ಷದ ಆರ್ಡರು. ಏಪ್ರಿಲ್ ಕೊನೆಗೆ ಮುಂದಿನ ವರ್ಷದ ಆರ್ಡರು ಕೈಗೆ ಬಂದರೆ ನೌಕರಿ ಉಂಟು, ಬಾರದಿದ್ದರೆ ಜೂನ್‌ನಲ್ಲಿ ಅವರ ಜಾಗದಲ್ಲಿ ಬೇರೊಬ್ಬರು ಇರುತ್ತಾರೆ.

ಗಣಿತ ಕಲಿಸುತ್ತಿದ್ದ ಹುಡುಗಿ ಹಾಗೆ ಆರ್ಡರಿನ ಮೇಲಿದ್ದವಳು. ಇಲ್ಲೇ ಹುಟ್ಟಿ ಬೆಳೆದ ಕನ್ನಡದವರ ಮನೆಯ ಮಗಳು. ಸ್ಟಾಫ್‌ರೂಮಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುತ್ತಿದ್ದವಳು ಅವಳೊಬ್ಬಳೇ, ಅದೂ ಅರ್ಧ ಮರಾಠಿ ಬೆರೆಸಿ. ನನ್ನನ್ನು ಮರಾಠಿಯವರಂತೆ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದಳು. ಮನೆಯವರ ಮಾತು ಮೀರಿ ಸಾವನೇರಿನ ಮರಾಠಿ ಹುಡುಗನನ್ನು ಮದುವೆಯಾದ ದಿನದಿಂದ ಅವಳಿಗೆ ತವರು ಮುಚ್ಚಿಹೋಗಿತ್ತು. ಅತ್ತೆಮನೆ ಮೊದಲೇ ತೆರೆದಿರಲಿಲ್ಲ. ಗಂಡ ಕಲ್ಲಿದ್ದಲು ಗಣಿಯಲ್ಲಿ ಗುತ್ತಿಗೆದಾರನ ಕೈಕೆಳಗೆ ಕೆಲಸ ಮಾಡುತ್ತಿದ್ದ; ಇವತ್ತು ಇದ್ದ ಕೆಲಸ ನಾಳೆ ಇರುತ್ತದೆಂಬ ಭರವಸೆಯಿಲ್ಲ. ಮನೆ ನಡೆಯುತ್ತಿದ್ದದ್ದು ಅವಳ ಸಂಬಳದ ಮೇಲೆ.

ಅವಳು ಬಸುರಿ ಎಂಬುದು ಶಾಲೆಯಲ್ಲಿ ಮೊದಲು ಗೊತ್ತಾದದ್ದು ನನಗೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನಗಳಲ್ಲಿ ಲ್ಯಾಬಿನ ಡ್ಯೂಟಿ ಅವಳಿಗೂ ಬಿದ್ದಿತ್ತು. ಆಸಿಡ್ಡಿನ ವಾಸನೆಗೆ ಅವಳ ಮುಖ ಬಾಡಿದ್ದು ನೋಡಿ ಹೊರಗೆ ಕರೆದು ಕೇಳಿದೆ. ಹೂಂ ಎಂದು ತಲೆಯಾಡಿಸಿ, ನನ್ನ ಬಾಯಿಗೇ ಕೈ ಅಡ್ಡ ಹಿಡಿದಳು.

"ನಕೋ ಕಾಕು, ಈಗ ಯಾರಿಗೂ ಹೇಳಬ್ಯಾಡ್ರಿ. ನಾನs ಹೇಳ್ತೀನಿ, ಟೈಮ್ ಬಂದಾಗ."

ಈ 'ಟೈಮ್' ಅಂದರೆ ಏನು ಎಂದು ನಾನು ಕೇಳಲಿಲ್ಲ. ಕೇಳುವುದೇನಿದೆ? ನಮ್ಮಲ್ಲಿ ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿ ಹೊರಗೆ ಬಿಡುವುದಿಲ್ಲ, ದೃಷ್ಟಿಯಾಗುತ್ತದೆ ಎನ್ನುತ್ತಾರೆ. ಅವಳೂ ಅದಕ್ಕೇ ಹಿಂಜರಿಯುತ್ತಿದ್ದಾಳೆ ಎಂದುಕೊಂಡೆ. ಪಾಪ, ಹೇಳಿಕೊಡುವವರಿಲ್ಲದಿದ್ದರೂ ಹುಡುಗಿಗೆ ರೀತಿ ರಿವಾಜು ಗೊತ್ತಿದೆ ಎಂದು ಮೆಚ್ಚಿಕೊಂಡೆ ಕೂಡ.

ಏಪ್ರಿಲ್‌ನಲ್ಲಿ ನಾಗಪುರದ ಹೆಂಗಸರೆಲ್ಲ ತಲೆ, ಮುಖ, ಮೈ ತುಂಬ ಬಿಳಿ ಓಢಣಿ ಸುತ್ತಿಕೊಂಡೇ ಓಡಾಡುವುದು. ಅವಳು ತರಗತಿಯಲ್ಲೂ ಅದನ್ನು ಮೈಮೇಲಿಂದ ತೆಗೆಯುತ್ತಿರಲಿಲ್ಲ, ಯಾರೂ ಏಕೆಂದು ಕೇಳುತ್ತಿರಲಿಲ್ಲ. ಐದು ತಿಂಗಳು ತುಂಬುತ್ತ ಬಂದಿತ್ತು. ನನ್ನ ಲೆಕ್ಕದಲ್ಲಿ ಟೈಮ್ ಬಂದಿತ್ತು. ಐದರಲ್ಲಿ ತವರಿನವರು ಹಸಿರು ಸೀರೆ, ಹಸಿರು ಕುಬಸ, ಬಳೆ ತಂದು ಉಡಿ ತುಂಬುವ ಕುಬಸದ ಕಾರ್ಯ ನಮ್ಮ ಕಡೆಯ ಪದ್ಧತಿ. ತವರಿಲ್ಲದವಳಿಗೆ ಯಾರು ತರಬೇಕು? ನಾನಿದ್ದೇನಲ್ಲ!

ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. ಕೇಂದ್ರ ಸರಕಾರದ ಕಚೇರಿಯಲ್ಲಿ ಜೀವ ಸವೆಸಿದ ಮನುಷ್ಯ; ಏನೇ ಹೇಳಿದರೂ ಮೊದಲು ಬೇಡ ಎನ್ನುವ ಸ್ವಭಾವ.

"ಆಕೀನ್ನ ಒಂದ್ ಮಾತು ಕೇಳೀಯೇನು?" ಎಂದರು.

"ಕೇಳಿದ್ರ ಹೂಂ ಅಂತಾಳೇನ್ರಿ? ನಾಚ್ಕೋತಾಳ."

"ಊರಿಗೆ ಉಪಕಾರ ಮಾಡಬ್ಯಾಡ, ಹೆಣಕ್ಕ ಸಿಂಗಾರ ಮಾಡಬ್ಯಾಡ ಅಂತಾರ. ನೋಡು ಮತ್ತ."

ಶುಭಕಾರ್ಯದ ಮಾತಿನಲ್ಲಿ ಹೆಣ ತಂದರೆಂದು ಅವರ ಮೇಲೇ ಸಿಡುಕಿದೆ. ಮರುದಿನ ಇತವಾರಿ ಪೇಟೆಗೆ ಹೋಗಿ, ಕೈಗಾಡಿಗಳ ನಡುವೆ ನುಗ್ಗಿ, ಬಿಸಿಲಲ್ಲಿ ಬೆಂದು ಹಸಿರು ಸೀರೆ, ಕುಬಸದ ಖಣ, ಬಳೆ ತಂದೆ. ಅಂದು ಎಷ್ಟು ಖುಷಿಯಾಗಿತ್ತೆಂದರೆ, ನನಗೆ ಹೆಣ್ಣುಮಕ್ಕಳಿಲ್ಲದ ಕೊರತೆ ಆ ಒಂದು ಮಧ್ಯಾಹ್ನ ಮರೆತೇಹೋಗಿತ್ತು.

ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಸ್ಟಾಫ್‌ರೂಮಿನ ಮೇಜು ಸರಿಸಿ ಕುರ್ಚಿ ಹಾಕಿಸಿದೆವು. ಮರಾಠಿ ಗೆಳತಿಯರು ಇದನ್ನು ಡೋಹಾಳ ಜೇವಣ ಎನ್ನುತ್ತಾರೆ, ಅವರಿಗೂ ಸಂಭ್ರಮವೇ. ನಾನು ಹೋಳಿಗೆ ಮತ್ತು ಚಿತ್ರಾನ್ನ ಮಾಡಿ ತಂದಿದ್ದೆ. ಪ್ರಿನ್ಸಿಪಾಲರನ್ನೂ ನಾನೇ ಹೋಗಿ ಕರೆದೆ. ಅವರು ನನ್ನ ವಾರಗೆಯವರು, ಹಳೆಯ ಗೆಳತಿ. ಅವರನ್ನು ಬಿಟ್ಟು ಕಾರ್ಯ ಮಾಡುವುದುಂಟೇ? ಉತ್ತರಪತ್ರಿಕೆ ತಿದ್ದುತ್ತಿದ್ದ ಹುಡುಗಿಯನ್ನು ಇಬ್ಬರು ಕೈ ಹಿಡಿದು ಎಬ್ಬಿಸಿ ಕರೆತಂದರು. ಕುರ್ಚಿ, ರಂಗೋಲಿ, ಹಸಿರು ಸೀರೆ ನೋಡಿ ಅವಳು ಬಾಗಿಲಲ್ಲೇ ನಿಂತಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಮೇಲಿನ ಓಢಣಿಯನ್ನು ತೆಗೆದು ಸೀರೆಯ ಸೆರಗು ಹೊದಿಸಿ ಬಳೆ ಏರಿಸಿದವಳು ನಾನು.

ಉಡಿ ತುಂಬುವಾಗ ಬೇಡ ಎನ್ನಲು ಯಾವ ಬಸುರಿಗೂ ಬಾಯಿ ಬರುವುದಿಲ್ಲ. ಅಕ್ಕಿ, ಕೊಬ್ಬರಿ, ಅರಿಶಿನದ ಬೇರು ಎಲ್ಲ ಮೊದಲು ಹಾಕಿದವರು ಆಗಷ್ಟೇ ಒಳಬಂದ ಪ್ರಿನ್ಸಿಪಾಲರು. ಆಮೇಲೆ ಇಲ್ಲಿಯವರ ಆಟವೊಂದಿದೆ: ಮುಚ್ಚಿದ ಎರಡು ಬಟ್ಟಲಲ್ಲಿ ಒಂದರಲ್ಲಿ ಪೇಢೆ, ಇನ್ನೊಂದರಲ್ಲಿ ಬರ್ಫಿ. ಬಸುರಿ ತೆರೆದದ್ದು ಪೇಢೆಯಾದರೆ ಗಂಡು, ಬರ್ಫಿಯಾದರೆ ಹೆಣ್ಣು. ಆ ಬಟ್ಟಲುಗಳ ತಟ್ಟೆ ಹಿಡಿದವರೂ ಪ್ರಿನ್ಸಿಪಾಲರೇ. ಬರ್ಫಿ ಬಂದಾಗ "ಮುಲಗೀ ಹೋಣಾರ!" ಎಂದು ಎಲ್ಲರಿಗಿಂತ ಜೋರಾಗಿ ನಕ್ಕರು. ಹುಡುಗಿಯ ಕಣ್ಣಲ್ಲಿ ನೀರಿತ್ತು. ತಾಯಿ ನೆನಪಾಗಿರಬೇಕೆಂದು ನಾನು ಎಲ್ಲರಿಗೂ ವಿವರಿಸಿದೆ.

ಏಪ್ರಿಲ್ ಕೊನೆಗೆ ಆರ್ಡರುಗಳು ಬಂದವು. ಅವಳೊಬ್ಬಳಿಗೆ ಬರಲಿಲ್ಲ.

ಅವಳು ನನಗೆ ಹೇಳಲಿಲ್ಲ. ಶಾಲೆಯ ಆಯಾ ಮಾವಶಿಯಿಂದ ತಿಳಿದು, ಅವಳ ಬಾಡಿಗೆ ಮನೆ ಹುಡುಕಿಕೊಂಡು ಹೋದೆ. ಕೂಲರಿನ ಮುಂದೆ ಕೂಡಿಸಿ ನೀರು ಕೊಟ್ಟಳು. ಅತ್ತು ಕರೆದು ಮಾಡಿದ್ದರೆ ನನಗೆ ಸಮಾಧಾನ ಹೇಳುವುದಾದರೂ ಬರುತ್ತಿತ್ತು. ಅವಳು ಮಕ್ಕಳಿಗೆ ಲೆಕ್ಕ ಬಿಡಿಸಿ ತೋರಿಸುವಂತೆ ಹೇಳಿದಳು.

"ಆರ್ಡರ್ ಕೈಯಾಗ ಬಂದ ಮರುದಿವಸ ನಾನs ಅರ್ಜಿ ಕೊಡಾಕಿ ಇದ್ದೆ ಕಾಕು. ಆಮ್ಯಾಲೆ ಅವರು ತೆಗ್ಯಾಕ ಬರ್ತಿರಲಿಲ್ಲ. ಆರು ತಿಂಗಳ ಪಗಾರ ರಜಾ ಕೊಡಬೇಕಾಗ್ತಿತ್ತು, ಹೊಳ್ಳಿ ಬಂದ ಮ್ಯಾಲೆ ಅದs ಜಾಗಾನೂ ಕೊಡಬೇಕಾಗ್ತಿತ್ತು. ಅದಕ್ಕs ಮುಚ್ಚಿಟ್ಟಿದ್ದೆ. ಇನ್ನ ಥೋಡೇ ದಿವಸ ಇತ್ತು."

"ಮೊದಲs ನನಗ ಯಾಕ ಹೇಳಲಿಲ್ಲವಾ?" ಎಂದೆ. ಎಂಥ ಮಾತು! ಅವಳು ಹೇಳಿದ್ದಳು. ಯಾರಿಗೂ ಹೇಳಬೇಡಿ ಎಂದಿದ್ದಳು. ಅದಕ್ಕಿಂತ ಹೆಚ್ಚು ಹೇಳುವ ಅಗತ್ಯ ಅವಳಿಗೇನಿತ್ತು?

ಈ ರಜೆಯ ವಿಷಯ ನನಗೆ ತಿಳಿಯದ್ದಲ್ಲ. ಆದರೆ ನಾವು ಹಳಬರು ಅದನ್ನು ಹಕ್ಕು ಎಂದು ಎಣಿಸಿಯೇ ಇರಲಿಲ್ಲ. ನಾನು ನನ್ನ ಮಗನನ್ನು ಹೊತ್ತಾಗ ದಿನ ತುಂಬುವವರೆಗೂ ಬೋರ್ಡಿನ ಮುಂದೆ ನಿಂತಿದ್ದೆ, ಬಾಣಂತನ ಮುಗಿಯುವ ಮೊದಲೇ ಮರಳಿ ಬಂದಿದ್ದೆ, ಅದನ್ನು ಪದಕದಂತೆ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ. ಈಗಿನ ಹುಡುಗಿಯರಿಗೆ ಆರು ತಿಂಗಳೇ ಎಂದು ಸ್ಟಾಫ್‌ರೂಮಿನಲ್ಲಿ ಆಡಿಕೊಂಡದ್ದೂ ಇದೆ. ಅವಳು ಅಲ್ಲೇ ಕೂತು ಕೇಳಿಸಿಕೊಂಡಿರಬೇಕು.

ಅವಳು ಕಾರ್ಮಿಕ ಕಚೇರಿಗೆ ದೂರು ಕೊಟ್ಟಳು. ಶಾಲೆಯವರ ಉತ್ತರ ಸರಳವಾಗಿತ್ತು: ಮಕ್ಕಳ ಸಂಖ್ಯೆ ಕಡಿಮೆಯಾಗಿದೆ, ಅದಕ್ಕೆ ತೆಗೆದೆವು; ಆಕೆ ಗರ್ಭಿಣಿ ಎಂಬುದು ನಮಗೆ ಗೊತ್ತೇ ಇರಲಿಲ್ಲ. ಗೊತ್ತಿತ್ತು ಎಂದು ಯಾರಾದರೂ ಬಂದು ಹೇಳಬೇಕಿತ್ತು. ಹೋಳಿಗೆ ತಿಂದವರನ್ನೆಲ್ಲ ಅವಳ ಗಂಡ ಕೇಳಿ ನೋಡಿದ. ಒಬ್ಬರಿಗೂ ಬಿಡುವಿರಲಿಲ್ಲ. ಅವರದೂ ವರ್ಷದ ಆರ್ಡರು, ಬೈಯುವುದಾದರೂ ಹೇಗೆ?

ಸಾಕ್ಷಿ ಹೇಳಲು ನಾನು ಹೋಗುತ್ತೇನೆಂದು ತಿಳಿದು ಪ್ರಿನ್ಸಿಪಾಲರು ತಮ್ಮ ಕೋಣೆಗೆ ಕರೆದು ಚಹಾ ತರಿಸಿದರು. ಯಜಮಾನರ ಹೃದಯದ ಆಪರೇಷನ್ ಆದಾಗ ಕೇಳದೆಯೇ ರಜೆ ಕೊಟ್ಟವರು, ಆಸ್ಪತ್ರೆಗೆ ಊಟದ ಡಬ್ಬಿ ತಂದವರು. ಉಂಡ ಮನೆಯ ಗಳ ಎಣಿಸುವವಳಂತೆ ಅವರೆದುರು ಕೂತಿದ್ದೆ. ಅವರು ಮರಾಠಿಯಲ್ಲಿ ಮೆಲ್ಲಗೆ ಹೇಳಿದರು, "ಅದು ಹೆಂಗಸರ ಕಾರ್ಯಕ್ರಮ. ಆಫೀಸಿಗೆ ಆಕೆ ತಿಳಿಸಿಯೇ ಇಲ್ಲವಲ್ಲ."

"ನೀವೇ ಉಡಿ ತುಂಬಿದಿರಿ" ಎಂದೆ.

"ತುಂಬಿದೆ. ಮನಸ್ಸಿನಿಂದಲೇ ತುಂಬಿದೆ. ಆದರೆ ಒಮ್ಮೆ ಕಣ್ಣಾರೆ ಕಂಡ ಮೇಲೆ ಟ್ರಸ್ಟಿನವರಿಗೆ ಹೇಳದೆ ಇರಲಾಗುತ್ತದೆಯೇ? ಈ ವರ್ಷ ಇಂಥ ರಜೆ ಇನ್ನೊಂದು ಬೇಡ ಎಂದು ಅವರು ಮೊದಲೇ ಹೇಳಿಟ್ಟಿದ್ದರು. ಕಾಣದಿದ್ದರೆ ನಾನೂ ಸುಮ್ಮನೆ ಆರ್ಡರಿಗೆ ಸಹಿ ಹಾಕುತ್ತಿದ್ದೆ." ಚಹಾದ ಕಪ್ಪು ಕೆಳಗಿಟ್ಟು ನನ್ನನ್ನೇ ನೋಡಿದರು. "ನನ್ನನ್ನು ಯಾಕೆ ಕರೆದಿರಿ ನೀವು?"

ಚಹಾ ಮುಟ್ಟದೆ ಎದ್ದು ಬಂದೆ. 

ಕಾರ್ಮಿಕ ಕಚೇರಿಯಲ್ಲಿ ಅಧಿಕಾರಿಯ ಮೇಜಿನ ಒಂದು ಪಕ್ಕ ಪ್ರಿನ್ಸಿಪಾಲರು, ಇನ್ನೊಂದು ಪಕ್ಕ ದಿನ ಸಮೀಪಿಸಿದ ಹುಡುಗಿ. ನಾನು ನಡುವೆ ನಿಂತು ನಡೆದದ್ದು ಹೇಳಿದೆ. ಅವರಿಗೆ ಖಾತ್ರಿಯಾಗಿ ಗೊತ್ತಿತ್ತೆಂದು ಹೇಗೆ ಹೇಳುತ್ತೀರಿ ಎಂದು ಅಧಿಕಾರಿ ಕೇಳಿದರು. ಬರ್ಫಿಯ ಬಟ್ಟಲು ಹಿಡಿದು ಹೆಣ್ಣು ಎಂದು ಕೂಗಿದವರೇ ಅವರು ಎಂದೆ. ಪ್ರಿನ್ಸಿಪಾಲರು ಅಲ್ಲಗಳೆಯಲಿಲ್ಲ. ತಲೆ ತಗ್ಗಿಸಿ ಕೂತರು. ನನಗೆ ಅವರ ಮೇಲೂ ಕರುಣೆ ಬಂತು. ಸ್ವಲ್ಪ ದಿನಗಳಲ್ಲೇ ಶಾಲೆ ಬಗ್ಗಿತು. ಅವಳಿಗೆ ಆರ್ಡರೂ ಸಿಕ್ಕಿತು, ರಜೆಯೂ ಸಿಕ್ಕಿತು. ಪ್ರಿನ್ಸಿಪಾಲರು ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾರೆ. ಜನ ನನ್ನನ್ನು ಧೈರ್ಯವಂತೆ ಎನ್ನುತ್ತಾರೆ. ಮನೆಗೆ ಬೆಂಕಿ ಇಟ್ಟವಳೇ ಒಂದು ಕೊಡ ನೀರು ತಂದರೆ ಅದು ಧೈರ್ಯವೇ?

ಹೆಣ್ಣು ಮಗು ಹುಟ್ಟಿತು. ಸುದ್ದಿ ನನಗೆ ಬೇರೆಯವರಿಂದ ತಡವಾಗಿ ತಿಳಿಯಿತು. ತೊಟ್ಟಿಲಿಗೆ ಕರೆಯಲಿಲ್ಲ. ಎಷ್ಟೋ ದಿನ ತಾಳಿಕೊಂಡು, ಕೊನೆಗೆ ಕರೆಯದಿದ್ದರೂ ಹೊರಟೆ. ಅವಳು ಬಾಗಿಲು ತೆರೆದು ಒಳಗೆ ಕೂಡಿಸಿದಳು. ಮಗು ಅವಳ ತೊಡೆಯ ಮೇಲಿತ್ತು. ನೋಡಿ ಎಂದು ತೋರಿಸಿದಳು, ಎತ್ತಿಕೊಳ್ಳಿ ಎನ್ನಲಿಲ್ಲ.

"ನನ್ನ ಮ್ಯಾಲೆ ಸಿಟ್ಟು ಐತೇನವಾ?" ಎಂದು ನೇರ ಕೇಳಿದೆ.

ಅವಳು ಮಗುವಿನ ಕಾಲು ಸವರಿದಳು. "ಸಿಟ್ಟಿಲ್ಲ ಕಾಕು. ನೀವು ಬಂದು ಹೇಳಿದ್ದಕ್ಕs ನೌಕರಿ ಐತಿ. ಆದ್ರ ಒಂದ್ ಮಾತು ಮನಸಿನ್ಯಾಗ ಉಳದೈತಿ. ಆ ದಿವಸ ನೀವು ಬಳಿ ಏರಸೂ ಮುಂದ ನಾ ನಿಮ್ಮ ಕೈ ಗಟ್ಟಿ ಹಿಡದು ಒತ್ತಿದ್ದೆ. ಸಾಕು ಮಾಡ್ರಿ, ಮ್ಯಾಡಮ್ ಬರೂದ್ರಾಗ ಇದನ್ನೆಲ್ಲ ತೆಗೀರಿ ಅಂತ. ನಿಮಗ ತಿಳೀಲಿಲ್ಲೇನ್ರಿ?"

"ಇಲ್ಲವಾ" ಎಂದೆ. "ದೇವರಾಣೆ, ತಿಳೀಲಿಲ್ಲ."

ಅವಳ ಮುಖ ಸಡಿಲಾಯಿತು. "ಹಂಗಾದ್ರ ಬರೋಬರ್ ಐತಿ ಬಿಡ್ರಿ" ಎಂದಳು. "ಅದೊಂದs ಕೊರೀತಿತ್ತು." ಮಗುವನ್ನು ಎತ್ತಿ ನನ್ನ ತೊಡೆಯ ಮೇಲೆ ಮಲಗಿಸಿ, "ಅಜ್ಜಿ ನೋಡು, ಅಜ್ಜಿ ಬಂದಾಳ" ಎಂದು ಅದಕ್ಕೆ ಹೇಳಿದಳು.

ತಿಳಿದಿತ್ತು. ಅವಳ ಕೈ ತಣ್ಣಗಿತ್ತು, ಉಗುರು ನನ್ನ ಅಂಗೈಗೆ ಚುಚ್ಚಿತ್ತು. ಇದು ನಾಚಿಕೆಯಲ್ಲ, ಬೇರೆ ಏನೋ ಇದೆ ಎಂದು ಆ ಕ್ಷಣವೇ ಗೊತ್ತಾಗಿತ್ತು. ಆದರೆ ಪ್ರಿನ್ಸಿಪಾಲರ ಹೆಜ್ಜೆ ವರಾಂಡದಲ್ಲಿ ಕೇಳುತ್ತಿತ್ತು, ತಟ್ಟೆಗಳೆಲ್ಲ ಸಿದ್ಧವಾಗಿದ್ದವು, ಹೆಂಗಸರೆಲ್ಲ ನನ್ನನ್ನು ಎಂಥ ತಾಯಿ ಮನಸ್ಸು ಎಂದು ಹೊಗಳುತ್ತಿದ್ದರು. ಆ ಹೊಗಳಿಕೆ ಬಿಟ್ಟು ಏಳಲು ನನಗೆ ಮನಸ್ಸಾಗಲಿಲ್ಲ. ಅವಳ ಬೆರಳು ಬಿಡಿಸಿ ಉಳಿದ ಬಳೆಗಳನ್ನು ಏರಿಸಿದೆ.

ಈಗ ವಾರಕ್ಕೊಮ್ಮೆ ಹೋಗುತ್ತೇನೆ. ಮಗು ನನ್ನ ಗುರುತು ಹಿಡಿದು ನಗುತ್ತದೆ, ಅವಳು ನನ್ನ ಕೈಯಲ್ಲಿ ಕೊಟ್ಟು ನಿಶ್ಚಿಂತೆಯಿಂದ ಸ್ನಾನಕ್ಕೆ ಹೋಗುತ್ತಾಳೆ. ನಿಜ ಹೇಳಬೇಕೆಂದು ಹೊರಟು, ಹೇಳದೆ ಮರಳುತ್ತೇನೆ. ಅವಳಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅದಕ್ಕೇ ಇಷ್ಟು ಧೈರ್ಯವಾಗಿ ಇದನ್ನು ಬರೆದಿದ್ದೇನೆ.