ಸುಣ್ಣ ಹಚ್ಚಿದ ಕೈ

ಬೆಳಗಿನ ನಡಿಗೆ ಮುಗಿಸಿ ಶಹಾಪುರದ ಒಂದು ಹೋಟೆಲಿನಲ್ಲಿ ನಾವು ಕೆಲವು ನಿವೃತ್ತರು ಚಹಾ ಕುಡಿಯುತ್ತೇವೆ. ಆಗೆಲ್ಲ ಸರಕಾರದ ಆರೋಗ್ಯ ಕಾರ್ಡಿನದೇ ಮಾತು. "ಪುಕ್ಕಟ ಆಪರೇಷನ್ ಅಂದ್ರ ಕಲಿಯೋ ಡಾಕ್ಟರ್ ಕೈಯಾಗ ಕೊಡ್ತಾರ್ರಿ" ಎನ್ನುತ್ತಿದ್ದ ಹೋಟೆಲಿನವನು. ನಾನು ಡ್ರಿಲ್ ಮಾಸ್ತರನಾಗಿದ್ದವನು. ಕಣ್ಣಾರೆ ನೋಡದೆ ಅಭಿಪ್ರಾಯ ಹೇಳುವುದಿಲ್ಲ.

ನೋಡುವ ಸರದಿ ಬಂತು. ಸಗರದಲ್ಲಿರುವ ನನ್ನ ಅಕ್ಕನಿಗೆ ಪಿತ್ತಕೋಶದಲ್ಲಿ ಕಲ್ಲು. ಉಂಡಾಗಲೆಲ್ಲ ಹೊಟ್ಟೆ ಹಿಡಿದು ಮಲಗುತ್ತಿದ್ದಳು. ಯಾದಗಿರಿಯ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಯಿತು. ಕಾರ್ಡ್ ನಡೆಯಲು ಯಂತ್ರದ ಮೇಲೆ ಬೆರಳು ಒತ್ತಬೇಕು. ಯಂತ್ರ ಅವಳ ಒಂದು ಬೆರಳನ್ನೂ ಒಪ್ಪಲಿಲ್ಲ. ಕೈ ತಿರುಗಿಸಿ ನೋಡಿದೆ. ಬೆರಳ ತುದಿಗಳೆಲ್ಲ ಬೆಳ್ಳಗಾಗಿ ಸಿಪ್ಪೆ ಏಳುತ್ತಿತ್ತು.

"ಏನ್ ಮಾಡ್ಕೊಂಡಿ ಅಕ್ಕಾ?"

"ಮನಿಗಿ ಸುಣ್ಣ ಹಚ್ಚೀನಿ. ಹೊಟ್ಟಿ ಕೊಯ್ಸಾಕ ಹೊಂಟೀನಿ, ಏನರ ಆದ್ರ ನಾಕ ಮಂದಿ ಬರ್ತಾರ. ಗ್ವಾಡಿ ಹೊಲಸ ಇದ್ರ ನನಗಽ ಅಂತಾರ."

"ಬರೇ ಕೈಲೆ?"

"ಮೂಲ್ಯಾಗ ಕುಂಚ ಹತ್ತಂಗಿಲ್ಲೋ."

ಕೈ ಮೆತ್ತಗಾದ ಮೇಲೆ ಬರಲು ಯಂತ್ರದ ಮುಂದೆ ಕೂತಿದ್ದ ಹುಡುಗಿ ಹೇಳಿದಳು. ಅಕ್ಕ ಚೀಲ ಎತ್ತಿಕೊಂಡಳು. "ಇನ್ನ ಬರಂಗಿಲ್ಲ. ಮಿಷನ್ನಽ ಬ್ಯಾಡ ಅಂದದ."

ನಾನು ಅವಳ ಜೊತೆ ಸಗರಕ್ಕೆ ಹೋಗಿ ಅಲ್ಲೇ ಉಳಿದೆ. ವೇಳಾಪಟ್ಟಿ ಹಾಕಿದೆ: ಬೆಳಿಗ್ಗೆ, ಸಂಜೆ ಕೈಗೆ ಕೊಬ್ಬರಿ ಎಣ್ಣೆ, ನೀರಲ್ಲಿ ಕೈ ಇಡುವಂತಿಲ್ಲ. ಅಡುಗೆ ನನಗೆ, ಮುಸುರೆ ಭಾವನಿಗೆ. ಭಾವ ಅಂಗಳದಲ್ಲಿ ಪಾತ್ರೆ ತಿಕ್ಕುವುದನ್ನು ಕಂಡು ಪಕ್ಕದ ಮನೆಯಾಕೆ ನಿಂತಳು.

"ಇದೂ ಕಾರ್ಡಿನ್ಯಾಗ ಬರ್ತದೇನ್ರಿ ಕಾಕಾ?"

"ಬರ್ತದವ್ವ. ನಿನ್ನ ಗಂಡಗೂ ಒಂದು ಮಾಡ್ಸು" ಎಂದ ಭಾವ.

ಮತ್ತೆ ಹೋದಾಗ ಬಲಗೈ ಉಂಗುರ ಬೆರಳನ್ನು ಯಂತ್ರ ಒಪ್ಪಿತು. ಆಪರೇಷನ್ ಸುಸೂತ್ರವಾಯಿತು. ಕಲಿಯುವ ಡಾಕ್ಟರರೂ ಇದ್ದರು, ಕಲಿಸುವವರ ಪಕ್ಕದಲ್ಲಿ. ಹೋಟೆಲಿನಲ್ಲಿ ಗೆಳೆಯರಿಗೆ ಹೇಳಿದೆ. "ಅದು ಕಾರ್ಡಿಂದ ಆಗಿದ್ದಲ್ರಿ ಮಾಸ್ತರ, ಎಣ್ಣಿಯಿಂದ" ಎಂದರು.

ಅಕ್ಕನನ್ನು ನೋಡಲು ಓಣಿಯ ಹೆಂಗಸರು ಬಂದರು. ಗೋಡೆ ಬೆಳ್ಳಗೇ ಇತ್ತು. ಕಾರ್ಡ್ ಹೇಗೆ ಎಂದು ಕೇಳಿದರು. ಅವಳು ದಿಂಬಿಗೆ ಒರಗಿ, ಬೇಳೆಕಟ್ಟು ಕುಡಿಯುತ್ತಲೇ ಹೇಳಿದಳು: "ಛಲೋ ಅದ. ಸುಣ್ಣ ಮಾತ್ರ ದವಾಖಾನಿಂದ ಹೊಳ್ಳಿ ಬಂದ ಮ್ಯಾಲ ಹಚ್ಚರಿ."