ತಜಂಕ್ ಕಿತ್ತ ತಪ್ಪಿಗೆ ಪರಿಹಾರ

ಪಕ್ಕದ ಮನೆಯವರ ಹಿತ್ತಿಲನ್ನು ನಾನು ಎಷ್ಟು ಚೊಕ್ಕಟ ಮಾಡಿಬಿಟ್ಟೆನೆಂದರೆ, ಅವರು ನನ್ನ ಜೊತೆ ಮಾತೇ ಬಿಟ್ಟರು.

ಕೆನಡಾದ ಮಿಸಿಸಾಗಾ ಊರಿನ ಎರಿನ್ ಮಿಲ್ಸ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆ ವಸಂತಿಯಕ್ಕನದು. ಉಡುಪಿ ಕಡೆಯವರು, ಮನೆಮಾತು ತುಳು. ಜುಲೈ ಮೊದಲಲ್ಲಿ ಎರಡು ವಾರ ಮಗಳ ಮನೆಗೆಂದು ವ್ಯಾಂಕೂವರಿಗೆ ಹೊರಟಾಗ, "ಮೂರ್ತಿಯವ್ರೆ, ಹಿತ್ತಿಲಿಗೆ ಸ್ವಲ್ಪ ನೀರು ಬಿಡಿ, ಆಯ್ತಾ?" ಎಂದು ಪೈಪು ತೋರಿಸಿ ಹೋದರು.

ಕೇಳಿದ್ದು ನೀರು ಮಾತ್ರ. ಆದರೆ ನಾನು ಮೈಸೂರಿನವನು, ಜೊತೆಗೆ ಎಂಜಿನಿಯರು. ಹೇಳಿದಷ್ಟೇ ಮಾಡಿ ಸುಮ್ಮನಿರುವುದು ಸಾಧ್ಯವೇ? ಟೊಮೇಟೊ ಸಾಲಿನ ಪಕ್ಕ ಗೇಣೆತ್ತರ ಕಳೆ ಎದ್ದಿತ್ತು. (ನಮ್ಮೂರಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಬೆಳೆಯುವ ಅದೇ ಗಿಡ. ದನ ಕೂಡ ಮೂಸುವುದಿಲ್ಲ.) ಒಂದು ಶನಿವಾರ ಗ್ಲೌಸು ಹಾಕಿಕೊಂಡು ಬುಡಸಮೇತ ಕಿತ್ತೆ. ಚೀಲಕ್ಕೆ ತುಂಬಿ ಕಸದ ಗಾಡಿಗೆಂದು ರಸ್ತೆ ಬದಿಗಿಟ್ಟೆ. ಮರುದಿನ, ಮನೆಗೊಂದು ಅಡುಗೆ ತಂದು ಒಟ್ಟಿಗೆ ಉಣ್ಣುವ ಕನ್ನಡಿಗರ ಪಾಟ್‌ಲಕ್ಕಿನಲ್ಲಿ ಹತ್ತು ಜನರ ಮುಂದೆ, "ಪಾಪ, ಅವರ ತೋಟ ಕಾಡಾಗಿತ್ತು. ನಾನೇ ಕ್ಲೀನ್ ಮಾಡ್ದೆ" ಎಂದು ಜಂಬವನ್ನೂ ಕೊಚ್ಚಿಕೊಂಡೆ.

ವಾಪಸು ಬಂದ ವಸಂತಿಯಕ್ಕ ಹಿತ್ತಿಲ ಬಾಗಿಲು ತೆರೆದವರು ಅಲ್ಲೇ ನಿಂತುಬಿಟ್ಟರು. "ಎಂತ ಮಾಡಿದ್ರಿ ಮಾರಾಯ್ರೆ! ಅದು ತಜಂಕ್!"

ತಜಂಕ್ ಎಂದರೆ ತುಳುವರು ಮಳೆಗಾಲದ ಆಟಿ ತಿಂಗಳಲ್ಲಿ ಹುಡುಕಿಕೊಂಡು ಹೋಗಿ ಕೊಯ್ದು ತರುವ ಸೊಪ್ಪು. ಅದಿಲ್ಲದೆ ಅವರಿಗೆ ಆಟಿ ಆಟಿಯೇ ಅಲ್ಲ. ಊರಿನಿಂದ ತಂದ ಬೀಜ ಎರಡು ವರ್ಷ ಮೊಳೆತಿರಲಿಲ್ಲವಂತೆ. ಮೂರನೆಯ ವರ್ಷ ಕೈಹಿಡಿದಿತ್ತು. ಕೆನಡಾಕ್ಕೆ ಬಂದು ಹದಿನಾಲ್ಕು ವರ್ಷದ ಮೇಲೆ ಮೊದಲ ಸಲ ಆಟಿಯಲ್ಲಿ ತಜಂಕ್ ತಿನ್ನಬೇಕೆಂದು ಅವರು ಕಾದಿದ್ದರು. ನನ್ನ ಮುಖ ಇಂಗು ತಿಂದ ಮಂಗನಂತಾಯಿತು.

ಪರಿಹಾರ ಕೊಡಬೇಡವೇ? ಒಂದು ಗುಲಾಬಿ ಗಿಡ ಒಯ್ದೆ. "ಇರ್ಲಿ" ಎಂದು ಬಾಗಿಲು ಹಾಕಿಕೊಂಡರು. ಸೊಪ್ಪಿಗೆ ಸೊಪ್ಪೇ ಸರಿ ಎಂದು ಎರಡು ಕಟ್ಟು ಪಾಲಕ್ ಒಯ್ದೆ. (ನಗಬೇಡಿ.) ಈ ಸಲ ಬಾಗಿಲೇ ತೆರೆಯಲಿಲ್ಲ. ಆರು ವರ್ಷ ಬೇಲಿಯ ಮೇಲಿಂದ ಸಾರು, ಪಲ್ಯ ದಾಟುತ್ತಿದ್ದ ಸ್ನೇಹ. ನನಗೆ ನಿಜಕ್ಕೂ ಸಂಕಟವಾಯಿತು.

ನಮ್ಮ ಮಗಳು ಮೇಘನಾ ಲಾ ಓದುತ್ತಿದ್ದಾಳೆ. ನನ್ನ ಗೋಳು ಕೇಳಿ ಪುಸ್ತಕದಿಂದ ತಲೆಯೆತ್ತಿ, "ಅಪ್ಪಾ, ಡಿಡ್ ಯು ಆಸ್ಕ್ ಹರ್?" ಎಂದಳು.

"ಏನಂತ ಕೇಳ್ಬೇಕಿತ್ತು?"

"ವಾಟ್ ಶಿ ವಾಂಟ್ಸ್!"

ಅವಳು ಆಗ ಕಾಲೇಜಿಗೆ ಪ್ರಬಂಧ ಬರೆಯುತ್ತಿದ್ದದ್ದು ಮೂಲನಿವಾಸಿಗಳ ಕೇಸುಗಳ ಬಗ್ಗೆ. ಇಲ್ಲಿಂದ ದಕ್ಷಿಣಕ್ಕೆ ಎಲ್ಲೋ ಇರುವ ದೇಶಗಳಲ್ಲಿ ಸರ್ಕಾರವೇ ಅವರ ನೆಲ ಕಿತ್ತುಕೊಂಡು, ಊರು ಹಾಳುಗೆಡವಿದ ಕೇಸುಗಳು. ಆ ದೇಶಗಳು ಸೇರಿ ಕಟ್ಟಿಕೊಂಡ ಮಾನವ ಹಕ್ಕುಗಳ ಕೋರ್ಟು ಅಲ್ಲಿ ಬರೀ ದುಡ್ಡು ಕೊಡಿಸಿ ಕೈತೊಳೆದುಕೊಳ್ಳುವುದಿಲ್ಲವಂತೆ. ಅವರ ನೆಲ ಅವರಿಗೇ ಕೊಡಿ, ಆಗದಿದ್ದರೆ ಅವರು ಒಪ್ಪಿದ್ದನ್ನು ಕೊಡಿ ಎನ್ನುತ್ತದಂತೆ. ಸರ್ಕಾರದ ದೊಡ್ಡವರು ಆ ಹಳ್ಳಿಗೇ ಹೋಗಿ, ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕು, ಅದು ಆ ಜನರ ಭಾಷೆಯಲ್ಲೂ ಕೇಳಿಸಬೇಕು ಎಂದೂ ಆದೇಶ ಮಾಡಿದೆಯಂತೆ. ತಪ್ಪು ಮಾಡಿದವನೇ ಪರಿಹಾರವನ್ನೂ ತೀರ್ಮಾನಿಸಿದರೆ ಏನಾಗುತ್ತದೆ? ಪಾಲಕ್ ಆಗುತ್ತದೆ.

ಸಂಜೆ ಬರಿಗೈಲಿ ಹೋಗಿ ಕೇಳಿದೆ.

"ಈಗ ಕೇಳ್ಲಿಕ್ಕೆ ಬಂದ್ರಾ?" ಎಂದರು ವಸಂತಿಯಕ್ಕ. "ಗಿಡ ಹೋಯ್ತು, ಅದಿನ್ನು ಬರ್ಲಿಕ್ಕಿಲ್ಲ. ಆದ್ರೆ ನನ್ನ ತೋಟ ಕಾಡು ಅಂತ ಎಲ್ಲರ ಎದುರು ಹೇಳಿದ್ರಂತಲ್ಲ? ಅವರೆಲ್ಲರ ಎದುರೇ ತಪ್ಪಾಯ್ತು ಅಂತ ಹೇಳಿ. ತುಳುವಲ್ಲಿ."

"ಅಕ್ಕಾ, ಕನ್ನಡದಲ್ಲಿ ಹೇಳಿದ್ರೆ ಆಗಲ್ವಾ?"

"ನೀವು ಕಿತ್ತದ್ದು ಮೈಸೂರಿನ ಸೊಪ್ಪಾ?"

ವಾರವಿಡೀ ಆಫೀಸಿಗೆ ಹೋಗುವಾಗ ಕಾರಿನಲ್ಲಿ ತುಳುವಿನ ಒಂದು ಸಾಲು ಬಾಯಿಪಾಠ ಮಾಡಿದೆ. ಆಗಸ್ಟಿನ ಪಾಟ್‌ಲಕ್ಕಿನಲ್ಲಿ ಎದ್ದು ನಿಂತು, ಬೆವರುತ್ತಾ, "ಎನ್ನಡ್ದ್ ತಪ್ಪಾಂಡ್, ಮಾಪ್ ಮಲ್ಪುಲೆ" ಎಂದೆ. ನನ್ನಿಂದ ತಪ್ಪಾಯಿತು, ಕ್ಷಮಿಸಿ ಎಂದರ್ಥ. ಹಾಲ್ ತುಂಬ ನಗು. ವಸಂತಿಯಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಉಚ್ಚಾರ ಸರಿ ಆಗ್ಲಿಲ್ಲ, ಇನ್ನೊಮ್ಮೆ ಹೇಳಿ!" (ಯಾವ ಕೋರ್ಟೂ ಇಷ್ಟು ಕಟ್ಟುನಿಟ್ಟಾಗಿರಲಾರದು.) ಇನ್ನೊಮ್ಮೆ ಹೇಳಿದೆ.

ಆಮೇಲೆ ಅವರು ನನ್ನ ತಟ್ಟೆಗೆ ತಾವೇ ನೀರ್‌ದೋಸೆ ಬಡಿಸಿದರು. "ಸ್ವಲ್ಪ ಬೀಜ ಉಳಿದುಂಟು. ಮುಂದಿನ ವರ್ಷ ನಿಮ್ಮ ಹಿತ್ತಿಲಲ್ಲಿ ನೀವೇ ಬಿತ್ತಿ ಬೆಳೆಸಿ. ಕೊಯ್ಲಿಕ್ಕೆ ನಾನು ಬರ್ತೇನೆ" ಎಂದರು. ಅಷ್ಟು ಹಗುರಾಗಿ ನಾನು ಈಚೆಗೆ ಊಟ ಮಾಡಿದ್ದೇ ಇಲ್ಲ.

ಅಂದಿನಿಂದ ಒಂದು ಯೋಚನೆ ಮಾತ್ರ ಬಿಡುತ್ತಿಲ್ಲ. ವರ್ಷಗಳಿಂದ ನನ್ನ ವಿಳಾಸದಲ್ಲಿ ಮಿಸಿಸಾಗಾ ಎಂದು ಬರೆಯುತ್ತಿದ್ದೇನೆ. ಅದು ಊರಿನ ಹೆಸರಾಗುವ ಮೊದಲು ಇಲ್ಲಿದ್ದು ಈ ನೆಲ ಕಳೆದುಕೊಂಡ ಮೂಲನಿವಾಸಿಗಳ ಹೆಸರು. ಅವರ ಭಾಷೆಯಲ್ಲಿ 'ತಪ್ಪಾಯಿತು' ಎನ್ನುವುದು ಹೇಗೆ, ನಮ್ಮಲ್ಲಿ ಒಬ್ಬರಿಗಾದರೂ ಗೊತ್ತೇ?